ರಾಣಿಯ ಹಣೆ

ಬೆಳಿಗ್ಗೆ ಎದ್ದಾಗಿನಿಂದ ಕುಶಾಲಪ್ಪನಿಗೆ ಕಣ್ಣಿಗೆ ಬಿದ್ದದ್ದಕ್ಕೆಲ್ಲ ಬೆಲೆ ಕಟ್ಟುವ ಹುಚ್ಚು ಹತ್ತಿತ್ತು. ಮುಖ ತೊಳೆಯುವಾಗ ನೀರಿನ ಹಂಡೆಗೆ ಕಟ್ಟಿದ. ಒಲೆಯ ಪಕ್ಕ ಮಲಗಿದ್ದ ಬೆಕ್ಕಿಗೆ ಕಟ್ಟಿದ. ಅದರ ಒಂದು ಕಿವಿ ಹರಿದಿದ್ದರಿಂದ ಮುಕ್ಕಾಲು ಪಾಲು ಕಳೆದ. ಅಂಚು ಹರಿದ ಸ್ಟಾಂಪಿಗೆ ಕಳೆಯುವುದೂ ಅಷ್ಟೇ. ಅಂಗಳದಾಚೆ ಬೇಲಿಯ ಮೇಲೆ ಹಬ್ಬಿದ್ದ ಬಳ್ಳಿಯಲ್ಲಿ ನಾಳೆಯ ಪೂಜೆಗೆಂದು ಕೊಯ್ಯದೆ ಉಳಿಸಿದ್ದ ಒಂದೇ ಒಂದು ಸೌತೆಕಾಯಿ ತೂಗುತ್ತಿತ್ತು. ಒಂದೇ ಒಂದು ಎಂದರೆ ಬೆಲೆ ಜಾಸ್ತಿ ಎಂದುಕೊಂಡು, ಬಾಯಲ್ಲಿದ್ದ ನೀರು ಮೂಗಿಗೆ ಹತ್ತುವಷ್ಟು ನಕ್ಕ.

"ಎಂಥದು ಬೆಳಿಗ್ಗೆ ಬೆಳಿಗ್ಗೆ?" ಒಳಗಿನಿಂದ ಹೆಂಡತಿ ಯಮುನ ಕೇಳಿದಳು. "ಭೂತ ಹೊಕ್ಕುಟ್ಟಾ ನಿಮ್ಮ ಮೈಯೊಳಗೆ?"

"ಇಲ್ಲೆ. ಸೌತೆಕಾಯಿ ನೋಡ್ದೆ."

"ಸೌತೆಕಾಯಿ ನೋಡಿ ನಗುವ ಗಂಡನ್ನ ಹುಡ್ಕಿ ಹುಡ್ಕಿ ಕೊಟ್ಟೊಳ ನಮ್ಮ ಅಪ್ಪ."

ಅಂದಾಜು ಮಾಡುವುದು ಅವನ ಕೆಲಸವೇ ಆಗಿತ್ತು. ಸುಂಟಿಕೊಪ್ಪಕ್ಕೂ ಚೆಟ್ಟಳ್ಳಿಗೂ ನಡುವಿನ ಒಂದು ಕಾಫಿ ತೋಟದಲ್ಲಿ ಅವನು ಲೆಕ್ಕ ಬರೆಯುವ ರೈಟರ್. ಹೂವು ಉದುರಿ ಕಾಯಿ ಕಟ್ಟಿದ ಮೇಲೆ ಗಿಡಗಳ ನಡುವೆ ನಡೆದು, ಅಲ್ಲೊಂದು ಇಲ್ಲೊಂದು ರೆಂಬೆ ಎತ್ತಿ ನೋಡಿ, ಈ ಕಡೆ ಇಷ್ಟು ಮೂಟೆ, ಆ ಕಡೆ ಇಷ್ಟು ಎಂದು ಹೇಳಬೇಕು. ಅವನು ಹೇಳಿದ್ದನ್ನೇ ಪ್ರೆಂಟಿಸ್ ದೊರೆ ಮಂಗಳೂರಿನ ಕಂಪೆನಿಗೆ ಬರೆಯುತ್ತಿದ್ದರು. ಹೋದ ವರ್ಷ ಹೇಳಿದ್ದರ ಅರ್ಧವೂ ಬರಲಿಲ್ಲ. ಕಾಂಡದೊಳಗೆ ಹುಳು ಸೇರಿದ್ದು ಅವನ ಕಣ್ಣಿಗೆ ಬಿದ್ದಿರಲಿಲ್ಲ; ಅವನು ಕಾಯಿ ನೋಡುತ್ತಿದ್ದ, ಗಿಡ ನೋಡುತ್ತಿರಲಿಲ್ಲ. ದೊರೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪಿಕ್ಕಿಂಗ್ ಮುಗಿದ ದಿನ ಕಣದಲ್ಲಿ, ಕೂಲಿ ಲೈನಿನ ಆಳುಗಳೆಲ್ಲ ಸುತ್ತ ನಿಂತಿರುವಾಗ, ತಲೆಯ ಟೊಪ್ಪಿ ತೆಗೆದು ಅಂಗಾತ ಹಿಡಿದು ಅವನ ಮುಂದೆ ಚಾಚಿ, "ಕುಶಾಲಪ್ಪ, ಬಾಕಿ ಕಾಫಿ ಇದರಲ್ಲಿ ಹಾಕು" ಎಂದರು. ಮೊದಲು ನಕ್ಕವಳು ಮುತ್ತಿ, ಕಾಯಿ ಕೊಯ್ಯುವ ಹೆಂಗಸು. ಆಮೇಲೆ ಕಣವೇ ನಕ್ಕಿತು. ಕುಶಾಲಪ್ಪನೂ ನಕ್ಕ, ನಗದೆ ಇನ್ನೇನು ಮಾಡಬೇಕು ಎಂದು ತಿಳಿಯಲಿಲ್ಲ. ಅಂದಿನಿಂದ ಲೈನಿನಲ್ಲಿ ಅವನ ಹೆಸರು ಅಂದಾಜಪ್ಪ. ಟೊಪ್ಪಿಯ ಒಳಗಿನ ಬೆವರು ಹಿಡಿದ ಚರ್ಮದ ಪಟ್ಟಿ ಈಗಲೂ ಊಟದ ನಡುವೆ, ಸ್ನಾನದ ನಡುವೆ, ಕಣ್ಣ ಮುಂದೆ ಬಂದು ಬಾಯಿ ತೆರೆಯುತ್ತಿತ್ತು.

ಈ ದಿನ ಟೊಪ್ಪಿ ಬಂದರೂ ಅವನು ಅದಕ್ಕೆ ಬೆಲೆ ಕಟ್ಟಿದ. ಒಂದೂವರೆ ರೂಪಾಯಿ. ಯಾಕೆಂದರೆ ಅವನ ಅಂಗಿಯ ಕಿಸೆಯಲ್ಲಿ, ಸಿಗರೇಟು ಪೊಟ್ಟಣದ ಬೆಳ್ಳಿ ಕಾಗದದ ಮಡಿಕೆಯೊಳಗೆ, ರಾಣಿ ಇದ್ದಳು.

ದೊರೆಗೆ ಸ್ಟಾಂಪಿನ ಗೀಳು. ಟಪಾಲಿನ ಲಕೋಟೆಗಳ ಮೂಲೆ ಕತ್ತರಿಸಿ, ಆಫೀಸಿನ ಪಿಂಗಾಣಿ ಬೋಗುಣಿಯ ನೀರಿನಲ್ಲಿ ತೇಲಿಬಿಟ್ಟು, ಅಂಟು ಬಿಟ್ಟ ಸ್ಟಾಂಪುಗಳನ್ನು ಒತ್ತುಕಾಗದದ ಮೇಲೆ ಒಣಗಿಸುವ ಕೆಲಸ ರೈಟರಿನ ತಲೆಗೆ ಬಿದ್ದು ನಾಲ್ಕಾರು ವರ್ಷ ಆಗಿತ್ತು. ಮೊದಮೊದಲು ಅವನಿಗೆ ಇದು ಎಂಜಲೆಲೆ ತೊಳೆದಂತೆ ಅನ್ನಿಸುತ್ತಿತ್ತು. ಆಮೇಲೆ ಒಂದು ಮಧ್ಯಾಹ್ನ ದೊರೆಯ ಬೆಲೆಪುಸ್ತಕ ತೆರೆದು ಓದಿದ. ಓದುತ್ತ ಓದುತ್ತ ಬುತ್ತಿಯ ಅನ್ನ ಆರಿಹೋಯಿತು. ಸ್ಟಾಂಪಿನಲ್ಲಿ ತಲೆ ನೆಟ್ಟಗಿರುವ ರಾಣಿಗೆ ಕೆಲವು ರೂಪಾಯಿ; ಅದೇ ರಾಣಿಯ ತಲೆಯನ್ನು ಅಚ್ಚಿನವನು ಕುಡಿದೋ ನಿದ್ದೆಗಣ್ಣಿನಲ್ಲೋ ಕೆಳಗುಮೇಲು ಮಾಡಿಬಿಟ್ಟಿದ್ದರೆ ಸಾವಿರಗಟ್ಟಲೆ. ಬಣ್ಣ ತಪ್ಪಿದರೆ ಬೆಲೆ, ಅಕ್ಷರ ತಪ್ಪಿದರೆ ಬೆಲೆ. ತಪ್ಪು ಮಾಡಿದವನ ಮುಂದೆ ಯಾರೂ ಟೊಪ್ಪಿ ಚಾಚದ ಒಂದು ಲೋಕ ಇದೆ, ಅಲ್ಲಿ ತಪ್ಪನ್ನು ಹತ್ತಿಯ ಮೇಲಿಟ್ಟು ಗಾಜು ಮುಚ್ಚುತ್ತಾರೆ ಎನ್ನುವುದು ಅವನಿಗೆ ಕಾವೇರಿ ಹುಟ್ಟಿದ್ದಕ್ಕಿಂತ ದೊಡ್ಡ ವಿಷಯವಾಗಿ ಕಂಡಿತು.

ಮತ್ತು ಹದಿನೈದು ದಿನದ ಕೆಳಗೆ ಅಜ್ಜಿ ಬೊಳ್ಳಮ್ಮ ಅಟ್ಟದಿಂದ ತನ್ನ ಒಡವೆ ಪೆಟ್ಟಿಗೆ ಇಳಿಸಿಕೊಡು ಎಂದಳು. ತುಲಾ ಸಂಕ್ರಮಣದ ಬೆಳಿಗ್ಗೆ ಸೌತೆಕಾಯಿಗೆ ಕೆಂಪು ರೇಷ್ಮೆ ಸುತ್ತಿ, ಪೆಟ್ಟಿಗೆಯ ಸರವನ್ನೂ ಬಳೆಗಳನ್ನೂ ತೊಡಿಸಿ, ಕಾವೇರಮ್ಮ ಎಂದು ಕೈಮುಗಿಯುವುದು ಮನೆಯ ಪದ್ಧತಿ. ವರ್ಷಕ್ಕೊಮ್ಮೆ ಅಜ್ಜಿಯೇ ತೆರೆಯುವ ಪೆಟ್ಟಿಗೆ. ಚಿಕ್ಕಂದಿನಲ್ಲಿ ಅವನಿಗೆ ಕಾಣುತ್ತಿದ್ದದ್ದು ಅಜ್ಜಿಯ ಬೆನ್ನು ಮಾತ್ರ. ಅವಳು ಮುಚ್ಚಳ ಎತ್ತಿ, ಒಳಗೆ ಕೈ ಹಾಕಿ, ಏನೋ ಮಾಡಿ, ಏನೋ ಗೊಣಗಿ, ಆಮೇಲೆ ಒಡವೆ ತೆಗೆಯುತ್ತಿದ್ದಳು. ಈ ಸಲ ಧೂಳು ಒರೆಸುವ ನೆವದಲ್ಲಿ ಅವನೇ ಮುಚ್ಚಳ ಎತ್ತಿದ. ಮುಚ್ಚಳದ ಒಳಮೈಗೆ ಒಂದು ಅರ್ಧಾಣೆ ಸ್ಟಾಂಪು ಅಂಟಿಸಿತ್ತು. ಹಳೆಯ ರಾಣಿ, ಸುತ್ತ ಹಲ್ಲಿಲ್ಲದ, ಕತ್ತರಿಯಲ್ಲಿ ಕತ್ತರಿಸಿದ ಮೊದಲ ಕಾಲದ್ದು, ನೀಲಿ. ಆದರೆ ಹಣೆಯಿಂದ ಬೈತಲೆಯವರೆಗೆ ಕಡುಕೆಂಪು. ಅರ್ಧಾಣೆಯನ್ನು ಮೊದಲು ಕೆಂಪಿನಲ್ಲಿ ಅಚ್ಚು ಹಾಕಲು ಹೋಗಿ, ಶಾಯಿ ಸಾಲದೆ ನೀಲಿಗೆ ಬಂದರು ಎಂದು ಅವನು ಓದಿದ್ದ. ಹಾಗಾದರೆ ಎರಡೂ ಶಾಯಿ ತಗುಲಿದ ಒಂದು ಹಾಳೆ ಇದ್ದಿರಲೇಬೇಕು. ಆ ಹಾಳೆಯ ಒಂದು ತುಂಡು ಯಾರದೋ ಲಕೋಟೆ ಏರಿ ಮಡಿಕೇರಿಗೆ ಬಂದು, ಅಜ್ಜಿಯ ಮಾವನ ಕೈಗೆ ಸಿಕ್ಕಿ, ಈ ಅಟ್ಟದ ಕತ್ತಲೆಯಲ್ಲಿ ತನಗಾಗಿ ಕಾದು ಕೂತಿದೆ. ಕೆಲವು ಹಳೆಯ ಶಾಯಿಗಳು ನೀರಿಗೆ ಬಿಡುತ್ತವೆ ಎಂದು ಪುಸ್ತಕ ಎಚ್ಚರಿಸಿತ್ತು. ದಿನವೂ ಸ್ಟಾಂಪು ನೆನೆಸುವ ಅವನು ಇದಕ್ಕೆ ಮಾತ್ರ ಒಂದು ಹನಿ ಮುಟ್ಟಿಸದೆ, ಅಡಕತ್ತರಿಯ ತುದಿಯಿಂದ, ಉಸಿರು ಹಿಡಿದು, ಒಣಗಿದ ಅನ್ನದ ಅಂಟಿನಿಂದ ಎಬ್ಬಿಸಿದ. ಅಜ್ಜಿಯನ್ನು ಕೇಳಲಿಲ್ಲ. ಕೇಳಿದರೆ ಬೇಡ ಎನ್ನುತ್ತಾಳೆ, ಮಾರಿ ಬಂದಮೇಲೆ ಹೇಳಿದರೆ ಸಂತೋಷಪಡುತ್ತಾಳೆ ಎಂದು ಲೆಕ್ಕ ಹಾಕಿದ. ಅವನ ಅಂದಾಜುಗಳೆಲ್ಲ ಹೀಗೆಯೇ ಶುರುವಾಗುತ್ತಿದ್ದವು.

ನಾಳೆ ಬೆಳಿಗ್ಗೆ ಅಜ್ಜಿ ಮುಚ್ಚಳ ಎತ್ತುತ್ತಾಳೆ. ಅಷ್ಟರೊಳಗೆ ಅವನು ಕೊಡಗಿನಲ್ಲೇ ಸರಿಯಾದ ಅಂದಾಜು ಮಾಡಬಲ್ಲ ಗಂಡಸಾಗಿರಬೇಕು. ಇಲ್ಲವಾದರೆ ಮುದುಕಿಯ ಪೆಟ್ಟಿಗೆಗೆ ಕೈ ಹಾಕಿದ ಕಳ್ಳ. ನಡುವೆ ಇನ್ನೊಂದು ಜಾಗ ಇರಲಿಲ್ಲ. ಇದು ಹೆದರಬೇಕಾದ ಸಂಗತಿ ಎಂದು ಅವನಿಗೆ ಗೊತ್ತಿತ್ತು, ಆದರೆ ಹೆದರಿಕೆ ಹೊಟ್ಟೆಯಿಂದ ಮೇಲೇರುವಷ್ಟರಲ್ಲಿ ನಗೆಯಾಗಿಬಿಡುತ್ತಿತ್ತು.

"ಎಲ್ಲಿಗೆ, ಇಷ್ಟು ಶೃಂಗಾರ?" ಇಸ್ತ್ರಿ ಅಂಗಿ ನೋಡಿ ಯಮುನ ಬಾಗಿಲಿಗೆ ಬಂದಳು.

"ಬಂಗಲೆಗೆ. ಮೈಸೂರಿಂದ ಒಬ್ಬ ಸ್ಟಾಂಪಿನ ಸಾಹುಕಾರ ಬಂದೊಳ ಗಡ. ದೊರೆ ಆಲ್ಬಮ್ಮಿಗೆ ಬೆಲೆ ಕಟ್ಟಿಕೆ."

"ನೀವು ಕಟ್ಟಿದ್ರೆ ಸಾಲದಾ? ಅರ್ಧ ಬಂದರೆ ಸರಿ."

ಒಳಗೆ ಅಕ್ಕಿ ಆರಿಸುತ್ತಿದ್ದ ಅಜ್ಜಿ ಬೊಳ್ಳಮ್ಮ ದನಿ ಎತ್ತಿದಳು. ಅವಳ ಕಣ್ಣಿಗೆ ಪೊರೆ ಬಂದು ಎರಡು ವರ್ಷ ಆಗಿತ್ತು. ಕಲ್ಲನ್ನೂ ಅಕ್ಕಿಯನ್ನೂ ಬೆರಳಲ್ಲೇ ಬೇರೆ ಮಾಡುತ್ತಿದ್ದಳು. "ಹೈದ, ಸಂಜೆಗೆ ಬೇಗ ಬಾ. ಸಂಕ್ರಮಣಕ್ಕೆ ಗದ್ದೆಲಿ ಬಳ್ಳಿ ಸುತ್ತಿದ ಕೋಲು ನೆಡೊಕು. ನಾಳೆ ಬೆಳಿಗ್ಗೆ ಎಲ್ಲವೂ ಮೀಯೊಕು. ಮೀಯದೆ ಪೆಟ್ಟಿಗೆ ಮುಟ್ಟಿಕೆ ಆಗ."

ಪೆಟ್ಟಿಗೆ ಎಂಬ ಮಾತಿಗೆ ಅವನ ಕಿಸೆ ಬಿಸಿಯಾದಂತಾಯಿತು.

ತೋಟದ ದಾರಿಯಲ್ಲಿ ಮಂಜು ಇನ್ನೂ ಕಾಲಿನ ಮಟ್ಟದಲ್ಲೇ ಇತ್ತು. ಕಾಲು ಕಾಣದೆ ನಡೆಯುವುದು ಅವನಿಗೆ ಈ ದಿನ ತಕ್ಕದ್ದಾಗಿ ತೋರಿತು. ಎರಡೂ ಕಡೆಯ ಗಿಡಗಳಲ್ಲಿ ಕಾಯಿ ಹಸಿರು ಬಿಟ್ಟು ಹಳದಿಗೆ ತಿರುಗುತ್ತಿತ್ತು, ಅವನು ಒಂದು ರೆಂಬೆಯನ್ನೂ ಎತ್ತಲಿಲ್ಲ. ಮೂರು ಸಾವಿರ ಎಂದುಕೊಂಡ. ಸಾವಿರ ಸಾಕು. ಸಾವಿರ ಬಂದರೆ ದೊರೆಯ ಎದುರಿಗೆ ಕಾಲ ಮೇಲೆ ಕಾಲು ಹಾಕಿ, ಇಲ್ಲ, ಕಾಲು ಹಾಕುವುದು ಬೇಡ, ಸುಮ್ಮನೆ ಕೂತರೆ ಸಾಕು. ಬಂಗಲೆಯ ವರಾಂಡದಲ್ಲಿ ನಾಲ್ಕು ಬೆತ್ತದ ಕುರ್ಚಿಗಳಿದ್ದವು. ಇಷ್ಟು ವರ್ಷದಲ್ಲಿ ಅವನು ಅವುಗಳನ್ನು ಬಿಸಿಲಿಗೆ ಹಾಕಿಸಿದ್ದ, ಮಳೆಗೆ ಒಳಗಿಡಿಸಿದ್ದ, ತಿಗಣೆಗೆ ಸೀಮೆಎಣ್ಣೆ ಬಿಡಿಸಿದ್ದ. ಕೂತಿರಲಿಲ್ಲ.

"ರೈಟ್ರೇ, ಒಬ್ರೇ ಯಾರ ಹತ್ರ ನಗ್ತಾ ಇದೀರಿ?" ಬುಡ ಬಿಡಿಸುತ್ತಿದ್ದ ಕೆಂಚ ಗುದ್ದಲಿ ಊರಿ ನಿಂತ.

"ನಿನ್ನ ಗುದ್ದಲಿಗೆ ಎಷ್ಟು ಹೇಳು ನೋಡುವ, ಕೆಂಚ."

"ದೊರೇದು ಬುದ್ಧಿ, ನಂದಲ್ಲ. ಯಾಕೆ, ಅದರದ್ದೂ ಅಂದಾಜು ಬರೀತೀರಾ?" ಕೆಂಚ ಹಲ್ಲು ಬಿಟ್ಟ. "ಹಂಗಾರೆ ಅರ್ಧ ಬರಕೊಳ್ಳಿ. ಕಾವು ಮುರಿದದೆ."

ಅವನು ಸಿಟ್ಟಾಗಲಿಲ್ಲ. ಕೆಂಚನ ಬೆನ್ನು ತಟ್ಟಿಬಿಟ್ಟ. ಬುಡ ಬಿಡಿಸುವವನ ಬೆನ್ನನ್ನು ರೈಟರ್ ತಟ್ಟಿದ್ದು ತೋಟದಲ್ಲಿ ಅದೇ ಮೊದಲು. ಕೆಂಚ ಗಾಬರಿಯಿಂದ ತನ್ನ ಬೆನ್ನ ಮೇಲೆ ಏನಾದರೂ ಹರಿಯುತ್ತಿದೆಯೇ ಎಂದು ತಡವಿಕೊಂಡ.

ವರಾಂಡದಲ್ಲಿ ದೊರೆ ಒಂದು ಕುರ್ಚಿಯಲ್ಲಿ, ಮೈಸೂರಿನ ಸಾಹುಕಾರ ಕಲ್ಲೇಶಪ್ಪ ಇನ್ನೊಂದರಲ್ಲಿ ಕೂತಿದ್ದರು. ನಡುವೆ ಆಲ್ಬಮ್ಮು. ಕಲ್ಲೇಶಪ್ಪ ಸಣ್ಣ ಆಳು, ಹಣೆಯಲ್ಲಿ ವಿಭೂತಿ, ಹೆಗಲಲ್ಲಿ ಬಿಳಿ ಶಲ್ಯ, ಮೇಜಿನ ಕೆಳಗೆ ಒಂದು ಪಾದ ಮಾತ್ರ ಅವರದಲ್ಲವೆಂಬಂತೆ ಕುಣಿಯುತ್ತಿತ್ತು. ಕುಶಾಲಪ್ಪ ಕಂಬದ ಪಕ್ಕ ತನ್ನ ಮಾಮೂಲು ಜಾಗದಲ್ಲಿ ನಿಂತ. ಸ್ವಲ್ಪ ಹೊತ್ತಿನಲ್ಲೇ ಅವನಿಗೆ ಒಂದು ಗುಟ್ಟು ತಿಳಿಯಿತು. ಕಲ್ಲೇಶಪ್ಪ ಭೂತಗನ್ನಡಿಯಲ್ಲಿ ನೋಡಿ "ಪರವಾಗಿಲ್ಲ" ಎಂದಾಗೆಲ್ಲ ಪಾದ ಸುಮ್ಮನಿರುತ್ತಿತ್ತು. "ಏನೂ ಇಲ್ಲ ಬಿಡಿ ಸಾರ್, ನಾಕಾಣೆ" ಎಂದಾಗ ಹುಚ್ಚು ಹಿಡಿದಂತೆ ಕುಣಿಯುತ್ತಿತ್ತು. ಕಾಯಿ ನೋಡಬಾರದು, ಬುಡ ನೋಡಬೇಕು. ಹೋದ ವರ್ಷ ಕಲಿಯದ ಪಾಠ ಈಗ ಮೇಜಿನ ಕೆಳಗೆ ಕುಣಿಯುತ್ತಿದೆ ಎಂದು ಅವನಿಗೆ ಕಂಬ ತಬ್ಬಿಕೊಂಡು ನಗಬೇಕೆನ್ನಿಸಿತು.

ದೊರೆ ಸುಸ್ತಾಗಿ ಆಲ್ಬಮ್ಮು ಮುಚ್ಚಿದಾಗ ಅವನು ಮುಂದೆ ಬಂದು ಬೆಳ್ಳಿ ಕಾಗದ ಬಿಚ್ಚಿದ. "ನಮ್ಮ ಮನೇದು ಸಾರ್, ಒಂದು."

ಕಲ್ಲೇಶಪ್ಪ ಬಗ್ಗಿದರು. ಕನ್ನಡಿ ಹಿಡಿದರು. ಉಸಿರಿಗೆ ಕನ್ನಡಿ ಮಂಜಾಯಿತು. ಒರೆಸಿ ಮತ್ತೆ ಹಿಡಿದರು. "ಏನೂ ಇಲ್ಲ ಕಣ್ರಿ, ಎಂಟಾಣೆ" ಎಂದರು. ಪಾದ ಮೇಜಿನ ಕಾಲಿಗೆ ಬಡಿದು ದೊರೆಯ ಗ್ಲಾಸು ಅಲುಗಿತು.

"ಹಾಗಾದರೆ ಬೇಡ" ಎಂದು ಕುಶಾಲಪ್ಪ ಕಾಗದ ಮಡಿಸಲು ಹೋದ.

"ಅಯ್ಯೋ, ನಿಂತ್ಕೊಂಡೇ ವ್ಯಾಪಾರ ಮಾಡ್ತಾರೇನ್ರಿ? ಕೂತ್ಕೊಳ್ರಿ, ಕೂತ್ಕೊಳ್ರಿ!" ಕಲ್ಲೇಶಪ್ಪ ತಾವೇ ಒಂದು ಕುರ್ಚಿ ಎಳೆದರು. ಕುಶಾಲಪ್ಪ ದೊರೆಯ ಮುಖ ನೋಡಿದ. ದೊರೆಯ ಒಂದು ಹುಬ್ಬು ಮೇಲೇರಿ ಅಲ್ಲೇ ನಿಂತಿತು. ಅವನು ಕೂತ. ಬೆತ್ತ ಕಿರ್ರೆಂದಿತು. ಕೂತರೆ ಗುಡ್ಡ, ಲೈನು, ಕಣ ಎಲ್ಲ ಬೇರೆ ಕಡೆಯಿಂದ ಕಾಣುತ್ತದೆ ಎನ್ನುವುದು ಅವನಿಗೆ ಗೊತ್ತಿರಲಿಲ್ಲ. ಕಣದಲ್ಲಿ ಟೊಪ್ಪಿ ಚಾಚಿದ ಜಾಗ ಇಲ್ಲಿಂದ ಒಂದು ಅಂಗೈಯಷ್ಟಿತ್ತು.

"ನಿಮ್ಮ ಕಡೇಲಿ ಏಲಕ್ಕಿ ಮಾರ್ತಿದ್ದೋರು ಯಾರಾದ್ರೂ ಇದ್ರಾ?" ಕಲ್ಲೇಶಪ್ಪ ಸ್ವರ ತಗ್ಗಿಸಿದರು.

"ನಮ್ಮ ಅಪ್ಪ. ಸೋಮವಾರಪೇಟೆ ಸಂತೆಗೆ ಹೊತ್ತುಕೊಂಡು ಹೋಗ್ತಿದ್ರು."

"ನಮ್ಮಪ್ಪ ಅಲ್ಲೇ ಕೊಳ್ತಿದ್ದದ್ದು! ಹಂಗಾರೆ ಬಾಯಿ ಯಾಕೆ, ಕೈ ಕೊಡಿ." ಅವರು ಶಲ್ಯ ತೆಗೆದು ಇಬ್ಬರ ಕೈಗಳ ಮೇಲೆ ಹರವಿದರು. ಸಂತೆಯಲ್ಲಿ ಏಲಕ್ಕಿಗೂ ದನಕ್ಕೂ ಬೆಲೆ ಹೀಗೆಯೇ ಆಗುತ್ತಿತ್ತು, ಬಟ್ಟೆಯ ಕೆಳಗೆ, ಬೆರಳು ಹಿಡಿದು, ಪಕ್ಕದವನಿಗೆ ತಿಳಿಯದ ಹಾಗೆ. ಕುಶಾಲಪ್ಪನಿಗೆ ಅಪ್ಪನ ಮೊಣಕಾಲು ನೆನಪಾಯಿತು; ಆ ಎತ್ತರದಿಂದ ನೋಡಿದರೆ ಟವಲಿನ ಕೆಳಗೆ ಎರಡು ಪ್ರಾಣಿಗಳು ಜಗಳವಾಡುವಂತೆ ಕಾಣುತ್ತಿತ್ತು. ಸ್ಟಾಂಪನ್ನು ಬಿಡಲು ಅವನಿಗೆ ಮನಸ್ಸಾಗಲಿಲ್ಲ. ಎಡಗೈ ಮುಷ್ಟಿಯಲ್ಲಿ ಅದನ್ನು ಹಿಡಿದು, ಆ ಕೈಯನ್ನೂ ಬಟ್ಟೆಯೊಳಕ್ಕೆ ತೂರಿದ.

"ಏನು ಮಾಡ್ತದೆ ಇವರು?" ದೊರೆ ಯಾರನ್ನೂ ಅಲ್ಲದೆ ಕೇಳಿದರು.

"ಬೆರಳಿಗೆ ನೂರರ ಮಾತು" ಎಂದು ಕಲ್ಲೇಶಪ್ಪ ಕುಶಾಲಪ್ಪನ ಕಿವಿಯಲ್ಲಿ ಪಿಸುಗುಟ್ಟಿ ಒಂದು ಬೆರಳು ಹಿಡಿದರು. ಕುಶಾಲಪ್ಪ ಅವರ ಐದೂ ಬೆರಳು ಹಿಡಿದ. ಅವರು ಕೈ ಕೊಡವಿದರು, ಎರಡು ಹಿಡಿದರು. ಪಾದ ಬಡಿಯುತ್ತಿತ್ತು. ಅವನು ಐದನ್ನೇ ಹಿಡಿದು ಹಿಸುಕಿದ. ಮೂರು. ಐದು. ಅವನ ಅಂಗೈ ಬೆವರಿ ಬೆರಳುಗಳು ಜಾರತೊಡಗಿದವು; ಯಾರ ಬೆರಳು ಯಾರದು ಎಂದು ತಿಳಿಯದ ಹಾಗಾಯಿತು. ತೊಟ್ಟಿಲು ತೂಗಿದಂತೆ ತಲೆ ತೂಗಿತು. ಅವನ ಕಣ್ಣ ಮುಂದಿನ ಕಣದಲ್ಲಿ ಮುನ್ನೂರಿಗೆ ಮುತ್ತಿ ನಗು ನಿಲ್ಲಿಸಿದಳು, ನಾನೂರಿಗೆ ದೊರೆ ಟೊಪ್ಪಿಯನ್ನು ತಲೆಗೆ ಇಟ್ಟುಕೊಂಡರು. ಕಲ್ಲೇಶಪ್ಪ ಮುಷ್ಟಿಯನ್ನು ಬಿಡಿಸಿ ಸ್ಟಾಂಪನ್ನೂ ಅವನ ಬೆರಳುಗಳನ್ನೂ ಒಟ್ಟಿಗೆ ಹಿಡಿದು ನಾಲ್ಕು ಎಂದು ಒತ್ತಿದರು. ಅದೇ ಕ್ಷಣದಲ್ಲಿ ಶಲ್ಯದ ಸಂದಿನಿಂದ ಬಿಸಿಯಾದ ಒಂದು ವಾಸನೆ ಬಂತು. ಅರಿಸಿನ, ಸುಣ್ಣ, ಹಳೆಯ ಕೊಬ್ಬರಿಎಣ್ಣೆ. ಅವನ ಹಣೆ ತಾನಾಗಿ ಮುಂದಕ್ಕೆ ಬಾಗಿತು, ಐದು ವರ್ಷದವನ ಹಣೆ ಅಜ್ಜಿಯ ಬೆರಳಿಗೆ ಬಾಗುವ ಹಾಗೆ. ಪೆಟ್ಟಿಗೆಯೊಳಗೆ ಕೈ ಹಾಕಿ ಬೆನ್ನು ತಿರುಗಿಸಿ ಅಜ್ಜಿ ಏನು ಮಾಡುತ್ತಿದ್ದಳು ಎನ್ನುವುದು ಅವನಿಗೆ ಆಗ ತಿಳಿಯಿತು. ಹದಿನೈದು ದಿನದಿಂದ ತಿಳಿದೇ ಇತ್ತೋ ಏನೋ.

ಶಲ್ಯ ಜಾರಿತು. ಅದರ ಒಳಮೈ ಕೆಂಪಾಗಿತ್ತು. ಕಲ್ಲೇಶಪ್ಪನ ಬೆರಳು ಕೆಂಪು, ಕುಶಾಲಪ್ಪನ ಅಂಗೈ ಕೆಂಪು, ಕಸಾಯಿಖಾನೆಯಿಂದ ಎದ್ದುಬಂದವರ ಹಾಗೆ. ಕೆಂಪು ಬಣ್ಣ ರಾಣಿಯ ಮೂಗಿನ ಮೇಲೆ ಇಳಿದು ಗದ್ದದಲ್ಲಿ ನಿಂತಿತ್ತು. ಕಲ್ಲೇಶಪ್ಪ ಬೆರಳನ್ನು ಮೂಗಿಗೆ ಹಿಡಿದು, ಮತ್ತೆ ಹಿಡಿದು, "ಇದು ಕುಂಕುಮ ಅಲ್ವೇನ್ರಿ?" ಎಂದರು. ಪಾದ ನಿಂತಿತು.

"ಹೌದು" ಎಂದ ಕುಶಾಲಪ್ಪ.

ದೊರೆಗೆ ವಿಷಯ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದಾಗ ಅವರು ನಕ್ಕದ್ದಕ್ಕೆ ಬಟ್ಲರನೂ ನಾಯಿಯೂ ಹೊರಗೆ ಬಂದರು. "ತೊಳಿ! ಬೋಗುಣಿ ತಾ, ತೊಳಿ!" ಎಂದು ಕಣ್ಣೊರೆಸಿಕೊಂಡರು. ಬಟ್ಲರ ಆಫೀಸಿನ ಬೋಗುಣಿಯನ್ನೇ ತಂದಿಟ್ಟ. ದೊರೆ ತಾವೇ ಚಿಮಟದಿಂದ ರಾಣಿಯನ್ನು ಎತ್ತಿ ನೀರಿನಲ್ಲಿ ಮುಳುಗಿಸಿ, ಆಚೆ ಈಚೆ ಆಡಿಸಿದರು. ಕೆಂಪು, ಹೊಗೆಯ ಹಾಗೆ, ನೀರಿನಲ್ಲಿ ಬಿಚ್ಚಿಕೊಂಡಿತು. ಎತ್ತಿದಾಗ ರಾಣಿ ಅಚ್ಚ ನೀಲಿ, ಹಣೆಯಲ್ಲಿ ಒಂದು ತೂತು. ವರ್ಷಕ್ಕೊಮ್ಮೆ ಅಜ್ಜಿಯ ಬೆರಳು ಒತ್ತಿ ಒತ್ತಿ ಕಾಗದ ಸವೆದು ಹೋಗಿತ್ತು. ತೂತಿನಾಚೆ ದೊರೆಯ ಬೆರಳು ಕಾಣುತ್ತಿತ್ತು.

"ಈಗ ಏನು ಬೆಲೆ?" ದೊರೆ ಕೇಳಿದರು.

"ತೂತಿರೋದು ಸಾರ್" ಎಂದರು ಕಲ್ಲೇಶಪ್ಪ ಶಲ್ಯವನ್ನು ನೋಡುತ್ತ. "ಏನೂ ಇಲ್ಲ." ಪಾದ ಅಲ್ಲಾಡಲಿಲ್ಲ. ನಿಜವಾಗಿಯೂ ಏನೂ ಇರಲಿಲ್ಲ.

ಕುಶಾಲಪ್ಪನ ತಲೆಯಲ್ಲಿ ಈಗ ಒಂದೇ ಪ್ರಶ್ನೆ: ಕುರ್ಚಿ ಇನ್ನೂ ತನ್ನದೋ? ಏಳು ಎಂದು ಯಾರೂ ಹೇಳಿರಲಿಲ್ಲ. ಕೂತಿರು ಎಂದೂ ಯಾರೂ ಹೇಳಿರಲಿಲ್ಲ. ಎದ್ದರೆ ಬೆತ್ತ ಕಿರ್ರೆನ್ನುತ್ತದೆ, ಎಲ್ಲರೂ ತಿರುಗುತ್ತಾರೆ. ನಾನೂರು ರೂಪಾಯಿಯ ಕುರ್ಚಿಯಲ್ಲಿ ಏನೂ ಇಲ್ಲದ ಮನುಷ್ಯ ಕೂತಿದ್ದಾನೆ. ಹಾಗಾದರೆ ಕುರ್ಚಿಗೆ ಎಷ್ಟು ಕಳೆಯಬೇಕು? ಹೊಟ್ಟೆಯ ತಳದಿಂದ ನಗೆ ಹೊರಟಿತು. ಹಿಡಿಯಲು ನೋಡಿದ, ಮೂಗಿನಿಂದ ಬಂತು. ಕಣದಲ್ಲಿ ನಕ್ಕ ನಗೆಯಲ್ಲ ಇದು. ಯಾರನ್ನೂ ನೋಡಿ ನಗಲಿಲ್ಲ, ಯಾರಿಗಾಗಿಯೂ ನಗಲಿಲ್ಲ, ಬೆತ್ತ ಕಿರಗುಟ್ಟಿ ಕಿರಗುಟ್ಟಿ ಅವನ ಜೊತೆ ನಕ್ಕಿತು. ದೊರೆ ತಮ್ಮ ನಗು ನಿಲ್ಲಿಸಿ, ಸ್ವಲ್ಪ ಅಂಜಿಕೆಯಿಂದ, "ಕುಶಾಲಪ್ಪ, ನಾಳೆ ರಜಾ ತಕ್ಕೋ" ಎಂದರು. ಅವನು ಒದ್ದೆ ರಾಣಿಯನ್ನು ಅಂಗೈ ಮೇಲೆ ಇಟ್ಟುಕೊಂಡು, ತನಗೆ ಏಳಬೇಕು ಅನ್ನಿಸಿದಾಗ ಎದ್ದ.

ದಾರಿಯಲ್ಲಿ ಅವಳು ಒಣಗದ ಹಾಗೆ ಕೆಸುವಿನ ಎಲೆಯಲ್ಲಿ ಸುತ್ತಿದ. ಮನೆ ಮುಟ್ಟಿ, ಗದ್ದೆಯ ಕೋಲು ನೆಟ್ಟು, ಅಜ್ಜಿ ಕೊಟ್ಟಿಗೆಗೆ ಹೋದದ್ದು ನೋಡಿ, ಒಂದು ಅಗುಳು ಅನ್ನ ಹಿಸುಕಿ ಮುಚ್ಚಳದ ಹಳೆಯ ಚೌಕದಲ್ಲಿ ಅಂಟಿಸಿದ. ಯಮುನ ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು. ಅವನ ಕೆಂಪು ಅಂಗೈಯನ್ನೂ ನೋಡಿದಳು. "ನಿಮ್ಮ ಬೆಲೆ ಕಟ್ಟಿದವ ಯಾರು?" ಎಂದು ಮಾತ್ರ ಕೇಳಿ ಒಳಗೆ ಹೋದಳು.

ಮಳೆಗಾಲದ ಮನೆಯ ತೇವ ಬಿಟ್ಟಿರಲಿಲ್ಲ. ಬೆಳಗಾದರೂ ಅಂಟು ಒಣಗಲಿಲ್ಲ. ಎಲ್ಲರೂ ಮಿಂದು ಬಂದು ನಿಂತಿದ್ದರು. ರೇಷ್ಮೆ ಸುತ್ತಿದ ಸೌತೆಕಾಯಿ ಅಕ್ಕಿಯ ತಟ್ಟೆಯಲ್ಲಿ ಒಡವೆಗೆ ಕಾದಿತ್ತು. ಬೊಳ್ಳಮ್ಮ ಕುಂಕುಮದ ಕರಡಿಗೆ ಹಿಡಿದು ಪೆಟ್ಟಿಗೆಯ ಮುಂದೆ ಕೂತು ಮುಚ್ಚಳ ಎತ್ತಿದಳು. ಈ ಸಲ ಕುಶಾಲಪ್ಪ ಬೆನ್ನ ಹಿಂದೆ ನಿಲ್ಲದೆ ಪಕ್ಕದಲ್ಲೇ ಕೂತಿದ್ದ. ಅವಳ ಬೆರಳು ಮುಚ್ಚಳದ ಒಳಮೈಯನ್ನು ತಡವಿ, ಚೌಕ ಸಿಕ್ಕಿ, ಥಟ್ಟನೆ ನಿಂತಿತು.

"ಇದೆಂಥ, ರಾಣಿ ಒದ್ದೆ ಉಟ್ಟು!"

ಯಮುನ ಸೆರಗಿನ ತುದಿ ಕಚ್ಚಿ ನಿಂತಳು.

"ಹಣೆಲಿ ಒಂಚೂರು ಬೊಟ್ಟಿಲ್ಲೆ. ಯಾರು ಮೀಯ್ಸಿದ್ದು ಇವ್ಳ?"

"ದೊರೆ, ಅಜ್ಜಿ" ಎಂದ ಕುಶಾಲಪ್ಪ. "ಅವರೇ, ಕೈಯಾರೆ."

ಅಜ್ಜಿಯ ಬೆರಳು ಚೌಕದ ನಾಲ್ಕೂ ಅಂಚನ್ನು ತಡವಿತು. ಸುಳ್ಳು ಹುಡುಕುತ್ತಿದ್ದಾಳೆ, ಅಕ್ಕಿಯಲ್ಲಿ ಕಲ್ಲು ಹುಡುಕಿದ ಹಾಗೆ, ಎಂದು ಅವನಿಗೆ ಅನ್ನಿಸಿತು. "ಈಗ ಬುದ್ಧಿ ಬಾತಾ ಅವ್ಕೆ?" ಎಂದಳು ಕೊನೆಗೆ. "ಅವರ ರಾಣಿ. ಇಷ್ಟು ವರ್ಷ ಒಬ್ಬನೂ ತಿರುಗಿ ನೋಡಿತ್ಲೆ. ನಾ ಒಬ್ಳೇ ನೋಡಿಕಂಡ್ ಬಂದೆ." ಬೆರಳನ್ನು ಕುಂಕುಮದಲ್ಲಿ ಅದ್ದಿ ಗುರಿ ನೋಡದೆ ಒತ್ತಿದಳು, ಅದು ನೇರವಾಗಿ ತೂತಿನೊಳಗೆ ಕೂತಿತು, ಅಳತೆ ತೆಗೆದು ಕೊರೆದ ಹಾಗೆ. ಆಮೇಲೆ ಉಳಿದ ಕುಂಕುಮದ ಬೆರಳನ್ನು ಗಾಳಿಯಲ್ಲಿ ಆಡಿಸಿ, "ಪೆಟ್ಟಿಗೆ ಮುಟ್ಟಿದ ಹೈದ ಎಲ್ಲಿ?" ಎಂದಳು.

ಕುಶಾಲಪ್ಪ ಹಣೆ ಬಾಗಿಸಿದ. ಅವಳು ಒತ್ತಿದಳು, ಬೇಕಾದ್ದಕ್ಕಿಂತ ಜೋರಾಗಿ, ತುಂಬ ಹೊತ್ತು.

"ಮೆಲ್ಲೆ ಅಜ್ಜಿ" ಎಂದ ಅವನು. "ತೂತಾದೀತ್."

ಯಮುನಳ ಬಾಯಿಂದ ಸೆರಗು ಬಿದ್ದುಹೋಯಿತು. ಅವಳು ನಕ್ಕ ರಭಸಕ್ಕೆ ಸೌತೆಕಾಯಿ ಅಕ್ಕಿಯ ಮೇಲೆ ಒಂದು ಸುತ್ತು ಉರುಳಿತು.